ಮೂರು ಮೂಲೆಯ ಕಡಬು

ನನ್ನ ಅಡುಗೆಮನೆಯ ಗೂಡಿನಲ್ಲಿ ಒಂದು ನೀಲಿ ತಗಡಿನ ಡಬ್ಬಿ ಇದೆ. ಅದು ನನ್ನದಲ್ಲ. ಯಾರಿಗೆ ವಾಪಸ್ ಕೊಡಬೇಕೋ ಅವರು ಈಗ ಇಲ್ಲ. ನಮ್ಮ ನೆಲೋಗಿಯಲ್ಲಿ ಇನ್ನೊಬ್ಬರ ಮನೆಯಿಂದ ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಹೀಗಿರುವಾಗ ಈ ಡಬ್ಬಿಯ ಋಣ ಹೇಗೆ ತೀರಿಸುವುದು ಎಂದು ಬಹಳ ದಿನ ಯೋಚಿಸಿದ್ದೇನೆ.

ಮಕ್ಕಳೇ, ಆ ಡಬ್ಬಿಯಲ್ಲಿ ಬಂದ ತಿಂಡಿಯ ಹೆಸರು ಹಾಮನ್‌ತಾಶ್. ಯಹೂದಿಗಳು ಪೂರಿಮ್ ಹಬ್ಬಕ್ಕೆ ಮಾಡುವ, ಒಳಗೆ ಹೂರಣ ತುಂಬಿದ ಮೂರು ಮೂಲೆಯ ಬಿಸ್ಕತ್ತು ಅದು. ನಾನು ಅದಕ್ಕೆ ಮೂರು ಮೂಲೆಯ ಕಡಬು ಎಂದು ಹೆಸರಿಟ್ಟಿದ್ದೇನೆ. ನಮ್ಮ ಓಣಿಯ ಹುಡುಗರೂ ಈಗ ಹಾಗೆಯೇ ಕರೆಯುತ್ತಾರೆ.

2019ರ ಚಳಿಗಾಲದಲ್ಲಿ ಮಗನ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಜೇವರ್ಗಿ ತಾಲ್ಲೂಕಿನ ಬಿಸಿಲಿಗೆ ಹುಟ್ಟಿದ ಜೀವ, ಅಲ್ಲಿಯ ಹಿಮ ನೋಡಿ ಬಾಗಿಲೇ ತೆರೆಯುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಯಹೂದಿ ಅಜ್ಜಿ ಒಬ್ಬರೇ ಇದ್ದರು. ಏಳು ವರ್ಷದ ನನ್ನ ಮೊಮ್ಮಗಳು ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಓಡುತ್ತಿದ್ದಳು. ಮಾರ್ಚ್ ತಿಂಗಳ ಒಂದು ಸಂಜೆ ತಟ್ಟೆ ತುಂಬ ಈ ಬಿಸ್ಕತ್ತು ಹಿಡಿದು ಬಂದಳು. "ಆಯಿ, ನಾನೇ ಮಡಚೀನಿ, ತಿನ್ನು" ಎಂದಳು.

ನಾನು ಕೇಳಿದ ಮೊದಲ ಮಾತು, "ತತ್ತಿ ಹಾಕ್ಯಾರೇನು?"

ಹಾಕಿದ್ದರು. ನಾನು ಮೊಟ್ಟೆ ತಿನ್ನುವವಳಲ್ಲ. ತಟ್ಟೆಯನ್ನು ಬದಿಗಿಟ್ಟೆ. ಹುಡುಗಿಯ ಮುಖ ಸಣ್ಣದಾಯಿತು. ಆ ಮುಖ ನೋಡಲಾರದೆ ರಾತ್ರಿಯೇ ಕೊಬ್ಬರಿ, ಗಸಗಸೆ, ಪುಟಾಣಿ, ಬೆಲ್ಲ ಕೂಡಿಸಿ ಕರ್ಚಿಕಾಯಿ ಮಾಡಿ, ಅದೇ ತಟ್ಟೆ ತುಂಬಿ ಮರುದಿನ ಕಳಿಸಿದೆ. ಹತ್ತು ನಿಮಿಷಕ್ಕೆ ಅಜ್ಜಿಯೇ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವರೂ ತಿನ್ನುವಂತಿರಲಿಲ್ಲ! ನನಗೆ ಬರುವ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊಮ್ಮಗಳು ಮಧ್ಯೆ ನಿಂತು ಕನ್ನಡಕ್ಕೆ ತಿರುಗಿಸಿ ಹೇಳಿದಳು: ಅವರದು ಕೋಷರ್ ನಿಯಮ. ಹಾಲು ಮತ್ತು ಮಾಂಸ ಒಂದೇ ಪಾತ್ರೆಗೆ ಸೇರಬಾರದು, ಒಂದೇ ಊಟಕ್ಕೂ ಬರಬಾರದು. ಎರಡಕ್ಕೂ ಬೇರೆ ಬೇರೆ ಪಾತ್ರೆ, ಬೇರೆ ಚಮಚ. ಈ ಕಟ್ಟಳೆ ನಡೆಯದ ಮನೆಯ ಒಲೆಯಲ್ಲಿ ಬೆಂದದ್ದು ಅವರಿಗೆ ಸಲ್ಲದು.

ಹೇಳುವಾಗ ಅವರಿಗೆ ಬಹಳ ಸಂಕೋಚ. ನನಗೋ ನಗು ತಡೆಯಲಾಗಲಿಲ್ಲ. ನನ್ನ ಅತ್ತೆಯ ಮಡಿ ಕಂಡವಳಿಗೆ ಕೋಷರ್ ತಿಳಿಯಲು ಎಷ್ಟು ಹೊತ್ತು ಬೇಕು? ನಿಮ್ಮದನ್ನು ನಾನೂ ತಿಂದಿಲ್ಲ ಎಂದು ಮೇಜಿನ ಮೇಲಿದ್ದ ಬಿಸ್ಕತ್ತು ತೋರಿಸಿದೆ. ಆಗ ಅವರೂ ನಕ್ಕರು.

ಉಪಾಯ ಹೊಳೆದದ್ದು ಅವರಿಗೇ. ಮಾರ್ಚ್ 19ರ ಮಂಗಳವಾರ ಅವರ ಅಡುಗೆಮನೆಗೆ ನನ್ನನ್ನು ಕರೆದರು. ಅವರ ಪಾತ್ರೆ, ಅವರ ಹಿಟ್ಟು, ಅವರ ಎಣ್ಣೆ; ಕೈ ಮಾತ್ರ ನನ್ನದು. ನಾನು ಒಯ್ದಿದ್ದ ಬೆಲ್ಲದ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಲ್ಲಿಯ ದಿನಸಿ ಪೊಟ್ಟಣಗಳ ಮೇಲೆ ಕೋಷರ್ ಎಂದು ತೋರಿಸುವ ಸಣ್ಣ ಗುರುತು ಇರುತ್ತದೆ, ವೃತ್ತದೊಳಗೆ ಒಂದು ಇಂಗ್ಲಿಷ್ ಅಕ್ಷರ. ನನ್ನ ಬೆಲ್ಲಕ್ಕೆ ಅದಿರಲಿಲ್ಲ. ಬೆಲ್ಲ ಬ್ಯಾಗಿಗೆ ವಾಪಸ್ಸಾಯಿತು, ಅವರ ಸಕ್ಕರೆ ಬಂತು. ಇನ್ನೊಂದು ಮಾತು ಹೇಳಿದರು: "ಒಲೆ ಮಾತ್ರ ನಾನು ಹಚ್ಚುತ್ತೇನೆ." ಬೇರೆಯವರು ಅಡುಗೆ ಮಾಡಿದರೂ ಬೆಂಕಿಯನ್ನು ಯಹೂದಿಯೊಬ್ಬರು ಹೊತ್ತಿಸಿದ್ದರೆ ಅವರಿಗೆ ನಡೆಯುತ್ತದಂತೆ. ಅವರು ಒಲೆ ಹಚ್ಚಿದರು, ನಾನು ಕರ್ಚಿಕಾಯಿ ಕರಿದೆ. ಅವರು ನನಗಾಗಿ ಮೊಟ್ಟೆ ಬಿಟ್ಟು, ಎಣ್ಣೆ ಮತ್ತು ಕಿತ್ತಳೆ ರಸದಲ್ಲಿ ಹಿಟ್ಟು ಕಲಸಿದರು. ತುಪ್ಪವೋ ಬೆಣ್ಣೆಯೋ ಹಾಕಿದರೆ ಮಾಂಸದ ಊಟದ ನಂತರ ತಿನ್ನುವಂತಿಲ್ಲ. ಎಣ್ಣೆಯಾದರೆ ಯಾವಾಗಲಾದರೂ ಆದೀತು ಎಂಬುದು ಅವರ ಲೆಕ್ಕ.

ಅವರು ಹೂರಣದ ಪಾತ್ರೆಯ ಮುಚ್ಚಳ ತೆಗೆದಾಗ ನಾನು ಬಗ್ಗಿ ಮೂಸಿದೆ. ಗಸಗಸೆ! ಅವರದು ಕಪ್ಪು ನೀಲಿ ಬಣ್ಣದ್ದು, ನಮ್ಮದು ಬಿಳಿ. ಬಣ್ಣ ಬೇರೆ, ಕಾಳು ಅದೇ. ಹಳೆಯ ಯಿದ್ದಿಷ್ ಭಾಷೆಯಲ್ಲಿ 'ಮೋನ್' ಎಂದರೆ ಗಸಗಸೆ, 'ತಾಶ್' ಎಂದರೆ ಚೀಲ ಅಥವಾ ಜೇಬು. ಗಸಗಸೆ ಚೀಲ ಎಂಬ ಹೆಸರೇ ಹಬ್ಬದ ಕಥೆಯ ಹಾಮಾನನ ಹೆಸರಿಗೆ ತಗುಲಿ ಹಾಮನ್‌ತಾಶ್ ಆಯಿತು ಎನ್ನುತ್ತಾರೆ. ಇಸ್ರೇಲಿನಲ್ಲಿ ಇದಕ್ಕೆ 'ಹಾಮಾನನ ಕಿವಿ' ಎಂಬರ್ಥದ ಹೆಸರಿದೆ. ಮೂರು ಮೂಲೆ ಅವನ ಟೋಪಿ ಎನ್ನುವವರೂ ಇದ್ದಾರೆ. ಕಿವಿಯೋ ಟೋಪಿಯೋ, ತಿನ್ನುವವರಿಗೆ ಜಗಳವಿಲ್ಲ.

ಹಾಮಾನ್ ಯಾರು? ಪರ್ಷಿಯಾದ ಅರಸ ಅಹಷ್ವೇರೋಷನ ಮಂತ್ರಿ. ಬೈಬಲಿನ ಎಸ್ತೇರಳ ಗ್ರಂಥದಲ್ಲಿ ಈ ಕಥೆ ಬರುತ್ತದೆ. ನಮ್ಮ ಮಕ್ಕಳಿಗೆ ನಾನು ತಪ್ಪದೆ ಹೇಳುವುದು ಅದರ ಆರಂಭವನ್ನು: ಆ ಅರಸನ ರಾಜ್ಯದಲ್ಲಿ 127 ಸಂಸ್ಥಾನಗಳು, ಹಿಂದೂಸ್ಥಾನದಿಂದ ಕೂಷ್ ದೇಶದವರೆಗೆ. ಹೀಬ್ರೂವಿನಲ್ಲಿ ನಮ್ಮ ದೇಶದ ಹೆಸರು 'ಹೋದು'. ಸಿಂಧೂ ಎಂಬುದೇ ತಿರುಗಿ ತಿರುಗಿ ಹಾಗಾದದ್ದು. ಹಾಮಾನನಿಗೆ ಮೊರ್ದೆಕೈ ಎಂಬ ಯಹೂದಿ ತಲೆಬಾಗಲಿಲ್ಲ. ಒಬ್ಬನ ಮೇಲಿನ ಸಿಟ್ಟಿಗೆ ರಾಜ್ಯದ ಎಲ್ಲ ಯಹೂದಿಗಳನ್ನೂ ಒಂದೇ ದಿನ ಕೊಲ್ಲಿಸಲು ಅವನು ಅರಸನಿಂದ ಆಜ್ಞೆ ಹೊರಡಿಸಿದ. ಯಾವ ದಿನ ಎಂದು ಆರಿಸಲು ಚೀಟಿ ಎತ್ತಿದ. ಆ ಚೀಟಿಗೆ 'ಪೂರ್' ಎಂದು ಹೆಸರು, ಅದರಿಂದಲೇ ಪೂರಿಮ್. ಮೊರ್ದೆಕೈ ಸಾಕಿದ ಹುಡುಗಿ ಎಸ್ತೇರ್ ಆಗ ಅರಮನೆಯ ರಾಣಿ. ತಾನು ಯಹೂದಿ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಕರೆಯದೆ ಅರಸನ ಮುಂದೆ ಹೋದರೆ ಮರಣದಂಡನೆ. ಮೂರು ದಿನ ಉಪವಾಸವಿದ್ದು ಅವಳು ಹೋದಳು. ಔತಣಕ್ಕೆ ಕರೆದಳು. ತನ್ನ ಗುಟ್ಟು ತಾನೇ ಬಿಚ್ಚಿ ತನ್ನ ಜನರ ಜೀವ ಕೇಳಿದಳು. ಅರಮನೆಯಲ್ಲಿ ಇದ್ದಷ್ಟು ದಿನವೂ ಅವಳು ಕಾಳುಬೇಳೆ ತಿಂದೇ ತನ್ನ ಮಡಿ ಉಳಿಸಿಕೊಂಡಳು ಎಂಬ ಹಳೆಯ ನಂಬಿಕೆ ಇದೆ. ಈ ಮಾತಿಗೆ ಅಜ್ಜಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಮಾರ್ಚ್ 20ರಂದು ಅಜ್ಜಿಗೆ ಎಸ್ತೇರಳ ಉಪವಾಸ. ಕತ್ತಲಾದ ಮೇಲೆ ಅವರ ಪ್ರಾರ್ಥನಾ ಮಂದಿರಕ್ಕೆ ನಾವೂ ಹೋದೆವು. ಸುರುಳಿ ಬಿಚ್ಚಿ ಕಥೆ ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಮರದ ಗಿರಗಿಟ್ಟೆ ತಿರುಗಿಸಿ, ಕಾಲು ಬಡಿದು, ಹೆಸರೇ ಕೇಳದಂತೆ ಗದ್ದಲ ಎಬ್ಬಿಸುತ್ತಾರೆ. ಗುಡಿಯಂಥ ಜಾಗದಲ್ಲಿ ದೊಡ್ಡವರೇ "ಇನ್ನೂ ಜೋರು" ಎನ್ನುವುದನ್ನು ನಾನು ಕಂಡದ್ದು ಅಂದೇ. ಮಕ್ಕಳೆಲ್ಲ ವೇಷ ಹಾಕಿದ್ದರು. ನನಗೆ ನೆಲೋಗಿಯ ಕಾಮದಹನ ನೆನಪಾಗಿ ಗಂಟಲು ಕಟ್ಟಿತು. ಅದೇ ಹೊತ್ತಿಗೆ ಇಲ್ಲಿಯೂ ಹಲಗೆ ಬಡಿದು, ಲಬೋ ಲಬೋ ಎಂದು ಬಾಯಿ ಬಡಿದುಕೊಂಡು ಹುಡುಗರು ಕಾಮನನ್ನು ಸುಟ್ಟಿದ್ದರು. ಆ ವರ್ಷ ಹೋಳಿಯೂ ಪೂರಿಮ್ಮೂ ಒಂದೇ ದಿನ, ಮಾರ್ಚ್ 21.

ಇದು ಕಾಕತಾಳೀಯವಲ್ಲ. ಯಹೂದಿಗಳದೂ ಚಂದ್ರನ ಪಂಚಾಂಗ. ನಮಗೆ ಫಾಲ್ಗುಣ ಹುಣ್ಣಿಮೆ, ಅವರಿಗೆ ಅದಾರ್ ತಿಂಗಳ ಹದಿನಾಲ್ಕನೆಯ ದಿನ. ನಮ್ಮ ಅಧಿಕಮಾಸದಂತೆ ಅವರಿಗೂ 19 ವರ್ಷದಲ್ಲಿ ಏಳು ಸಲ ಒಂದು ಹೆಚ್ಚಿನ ತಿಂಗಳು ಬರುತ್ತದೆ. ಎರಡೂ ಕಡೆಯ ಅಧಿಕಮಾಸ ಒಂದೇ ವರ್ಷ ಬೀಳದಿದ್ದಾಗ ಮಾತ್ರ ಹಬ್ಬಗಳು ತಿಂಗಳು ದೂರವಾಗುತ್ತವೆ. 2021ರಲ್ಲಿ ಪೂರಿಮ್ ಫೆಬ್ರುವರಿ 26ಕ್ಕೆ, ಹೋಳಿ ಮಾರ್ಚ್ ಕೊನೆಗೆ. ನಮ್ಮ ದೇಶದ ಕೊಂಕಣ ಕರಾವಳಿಯಲ್ಲಿ ತಲೆತಲಾಂತರದಿಂದ ಬಾಳಿದ, ಮರಾಠಿ ಮಾತಾಡುವ ಬೆನೆ ಇಸ್ರೇಲಿ ಯಹೂದಿಗಳು ಪೂರಿಮ್‌ಗೆ 'ಹೋಳಿಚಾ ಸಣ' ಎಂದೇ ಹೆಸರಿಟ್ಟುಕೊಂಡರು. ಅವರು ಹಬ್ಬಕ್ಕೆ ಮಾಡುವುದು ಪುರಣಪೋಳಿ, ಅಂದರೆ ನಮ್ಮ ಹೂರಣದ ಹೋಳಿಗೆಯೇ. ಹಳೆಯ ಕಾಲದಲ್ಲಿ ಎಣ್ಣೆ ತೆಗೆಯುವ ಕಸುಬು ಅವರದು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು 'ಶನಿವಾರ ತೇಲಿ' ಎನ್ನುತ್ತಿದ್ದರು.

ಪೂರಿಮ್ ದಿನ ಕನಿಷ್ಠ ಒಬ್ಬರಿಗೆ ಎರಡು ಬಗೆಯ ತಿನಿಸು ಕಳಿಸಬೇಕು, ಇಬ್ಬರು ಬಡವರಿಗೆ ಏನಾದರೂ ಕೊಡಬೇಕು. ಇದು ಅವರಿಗೆ ಇಷ್ಟದ ಮಾತಲ್ಲ, ಕಡ್ಡಾಯ. ನಾನು ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಅಜ್ಜಿ ನೀಲಿ ಡಬ್ಬಿಯ ತುಂಬ ಮೊಟ್ಟೆಯಿಲ್ಲದ ಹಾಮನ್‌ತಾಶ್ ಕೊಟ್ಟರು. ಮುಂದಿನ ಸಲ ಬರುವಾಗ ಡಬ್ಬಿ ತರುತ್ತೇನೆ ಎಂದೆ. 2020ರ ಮಾರ್ಚ್‌ನಲ್ಲಿ ವಿಮಾನಗಳೇ ನಿಂತವು. ಆ ವರ್ಷವೇ ಅವರು ಹೋದರು. ಮೊಮ್ಮಗಳು ಫೋನಿನಲ್ಲಿ ಅಳುತ್ತ ಕೇಳಿದ್ದು, "ಆಯಿ, ಡಬ್ಬಿ ಇನ್ನ ಯಾರಿಗಿ ಕೊಡ್ತಿ?"

ಮುಂದಿನ ಹೋಳಿಗೆ ಇಲ್ಲಿಯೇ ಮಾಡಲು ಕೂತೆ. ಓಣಿಯ ನಾಲ್ಕೈದು ಮಕ್ಕಳು ಸುತ್ತ. ಮೊದಲ ಸಲ ಮಾಡಿದ್ದು ಪೂರಾ ಕೆಟ್ಟಿತು. ಕರ್ಚಿಕಾಯಿಯ ಒಣ ಹೂರಣದಂತೆ ಬೆಲ್ಲದ ಪುಡಿಯನ್ನು ಹಸಿಯಾಗಿಯೇ ತುಂಬಿದ್ದೆ. ಕಾವಿಗೆ ಬೆಲ್ಲ ಕರಗಿ ಹೊರಗೆ ಹರಿದು ಕರಿಕಾಯಿತು, ಮೂಲೆಗಳು ಬಾಯಿ ಬಿಟ್ಟವು. "ಹಾಮಾನನ ಕಿವಿ ಹರದದ" ಎಂದು ಒಬ್ಬ ಹುಡುಗ ಕುಣಿದ. ತಪ್ಪು ತಿದ್ದಿಕೊಳ್ಳಲು ನನಗೆ ಎರಡು ಹೋಳಿ ಬೇಕಾದವು. ಈಗ ಮಾಡುವುದು ಹೀಗೆ.

ನೂರು ಗ್ರಾಂ ಗಸಗಸೆಯನ್ನು ಬಿಸಿನೀರಲ್ಲಿ ಎರಡು ತಾಸು ನೆನೆಸಿ, ನೀರು ಬಸಿದು ನುಣ್ಣಗೆ ರುಬ್ಬಬೇಕು. ಅದಕ್ಕೆ 75 ಗ್ರಾಂ ಬೆಲ್ಲ, ಎರಡು ಚಮಚ ಒಣ ಕೊಬ್ಬರಿ ತುರಿ, ಒಂದು ಚಮಚ ತುಪ್ಪ, ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಿರಬೇಕು. ಸೌಟು ಎಳೆದರೆ ತಳ ಕಾಣಿಸಿ, ಮುದ್ದೆ ಮತ್ತೆ ಕೂಡದಷ್ಟು ಗಟ್ಟಿಯಾಗಬೇಕು. ಪೂರ್ತಿ ಆರಬೇಕು; ಬಿಸಿ ಹೂರಣ ಹಿಟ್ಟನ್ನು ಮೆತ್ತಗೆ ಮಾಡುತ್ತದೆ. (ಒಂದು ಎಚ್ಚರಿಕೆ: ದುಬೈಗೋ ಸಿಂಗಾಪುರಕ್ಕೋ ಹೋಗುವವರು ಗಸಗಸೆಯನ್ನು ಚೀಲದಲ್ಲಿ ಒಯ್ಯಬೇಡಿ. ಇದು ಅಫೀಮಿನ ಗಿಡದ ಬೀಜ, ಅಲ್ಲಿ ಕಾನೂನು ಬಿಗಿ.) ಹಿಟ್ಟಿಗೆ ಮೈದಾ 250 ಗ್ರಾಂ, ಸಕ್ಕರೆ ಪುಡಿ 80 ಗ್ರಾಂ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. 80 ಮಿಲಿಲೀಟರ್ ಎಣ್ಣೆ ಹಾಕಿ ತಿಕ್ಕಿ, ಕಿತ್ತಳೆ ರಸ ನಾಲ್ಕೈದು ಚಮಚ ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ, ಗಟ್ಟಿಯಾಗುತ್ತದೆ. ಅರ್ಧ ತಾಸು ಮುಚ್ಚಿಡಿ.

ಕರ್ಚಿಕಾಯಿಗಿಂತ ತುಸು ದಪ್ಪ ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಒತ್ತಿ ತೆಗೆದು, ನಡುವೆ ಒಂದೇ ಸಣ್ಣ ಚಮಚ ಹೂರಣ. ಆಸೆಪಟ್ಟು ಎರಡು ಹಾಕಿದರೆ ಬಿಚ್ಚುತ್ತದೆ. ಅಂಚಿಗೆ ನೀರು ಸವರಿ, ಮೂರು ಕಡೆಯಿಂದ ಮೇಲೆತ್ತಿ, ಮೂಲೆಗಳನ್ನು ಚಿವುಟಿ. ನಡುವೆ ಹೂರಣ ಇಣುಕುತ್ತಿರಲಿ. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ ಹದಿನೈದು ನಿಮಿಷ. ನಾನು ದಪ್ಪ ತಳದ ಬಾಣಲೆಯಲ್ಲಿ ಎರಡು ಬೆರಳು ಮರಳು ಹರಡಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಮೇಲೆ ಕಬ್ಬಿಣದ ಬಳೆ ಇಟ್ಟು ತಟ್ಟೆ ಇಡುತ್ತೇನೆ. ಸಣ್ಣ ಉರಿಯಲ್ಲಿ 25 ನಿಮಿಷ ಬೇಕು. ಕೆಳಗೆ ಕೆಂಪಾದರೆ ಆಯಿತು, ಮೇಲೆ ಬಿಳುಪಾಗಿದ್ದರೂ ಚಿಂತೆಯಿಲ್ಲ. ಒಲೆಯ ಕೆಲಸ ದೊಡ್ಡವರದು, ಚಿವುಟುವುದು ಮಕ್ಕಳದು. ಅವರ ಬೆರಳಿನಷ್ಟು ಚೂಪಾದ ಮೂಲೆ ನನಗೆ ಈಗ ಬರುವುದಿಲ್ಲ.

2025ರ ಮಾರ್ಚ್ 14ರಂದು ಎರಡೂ ಹಬ್ಬ ಮತ್ತೆ ಒಂದೇ ದಿನ ಬಂದವು. ಕಥೆ ಹೇಳುತ್ತಿದ್ದಾಗ ಐದನೆಯ ತರಗತಿಯ ಹುಡುಗನೊಬ್ಬ ಕೈ ನಿಲ್ಲಿಸಿ ಕೇಳಿದ: "ಒಬ್ಬಾಂವ ನಮಸ್ಕಾರ ಮಾಡ್ಲಿಲ್ಲ ಅಂದ್ರ ಎಲ್ಲಾರ್ನೂ ಯಾಕ ಕೊಲ್ಬೇಕು?" ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ಹುಡುಗಿ, "ಅದಕ್ಕೇ ಅವನ ಕಿವಿ ತಿನ್ನೂದು" ಎಂದಳು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಮತ್ತೆ ಚಿವುಟತೊಡಗಿದ.

ನೀಲಿ ಡಬ್ಬಿಗೆ ಒಂದು ಕಡೆ ಮೂರು ಮೂಲೆಯ ಕಡಬು, ಇನ್ನೊಂದು ಕಡೆ ಕರ್ಚಿಕಾಯಿ ತುಂಬಿದೆವು. ಎರಡು ಬಗೆ ಇರಬೇಕಲ್ಲ. ಎಲ್ಲಿಗೆ ಒಯ್ಯಬೇಕು ಎಂಬುದನ್ನು ಮಕ್ಕಳೇ ತೀರ್ಮಾನಿಸಿದರು. ಮಕ್ಕಳೆಲ್ಲ ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿ, ಹಬ್ಬಕ್ಕೂ ಬರಲಾಗದೆ, ಒಬ್ಬರೇ ಉಳಿದ ಮುತ್ಯಾ ಒಬ್ಬರು ಓಣಿಯ ಕೊನೆಯಲ್ಲಿದ್ದಾರೆ. ಅವರಿಗೆ ಹಲ್ಲಿಲ್ಲ. ಕಡಬನ್ನು ಚಹದಲ್ಲಿ ಅದ್ದಿ ತಿಂದರೆಂದು ಒಯ್ದ ಹುಡುಗರು ವರದಿ ತಂದರು.

ನಾಲ್ಕು ದಿನದ ಮೇಲೆ ಮುತ್ಯಾ ತಾವೇ ಕೋಲೂರುತ್ತ ಬಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ಒಳಗೆ ಒಂದು ಹಿಡಿ ಹೊಸ ಕಡಲೆ ಇತ್ತು.