ಹುಣಸೆಯ ಮರವೂ ಹೆಜ್ಜಾರ್ಲೆಯೂ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಶಿಂಷಾ ನದಿಗೆ ಸಮೀಪದಲ್ಲಿರುವ ಗ್ರಾಮ. ಮಾಘಮಾಸದಿಂದ ವೈಶಾಖದವರೆಗೆ ಇಲ್ಲಿಗೆ ಹೋದವರಿಗೆ ಒಂದು ಅಪೂರ್ವ ದೃಶ್ಯವು ಕಾಣಬರುವುದು. ಮನೆಗಳ ನಡುವೆಯೂ ಹಿತ್ತಿಲುಗಳಲ್ಲಿಯೂ ಬೆಳೆದಿರುವ ಹುಣಸೆ, ಅತ್ತಿ ಮೊದಲಾದ ಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗುಂಪುಗುಂಪಾಗಿ ಗೂಡುಕಟ್ಟಿ ಮರಿಮಾಡುವುವು. ಹೊರಗಿನವರು ದೂರದಿಂದ ಬಂದು ನೋಡುವ ಈ ಪಕ್ಷಿಗಳನ್ನು ಇಲ್ಲಿಯ ರೈತರು ತಮ್ಮ ಜಗಲಿಯಲ್ಲಿ ಕುಳಿತೇ ನೋಡುವರು.

ಬೆಳಗಿನ ಹೊತ್ತೂ ಸಂಜೆಯ ಹೊತ್ತೂ ನೋಡುವುದಕ್ಕೆ ತಕ್ಕವು. ದೊಡ್ಡ ಹಕ್ಕಿಗಳು ಸುತ್ತಿನ ಕೆರೆಗಳಿಂದಲೂ ಹೊಳೆಯಿಂದಲೂ ಮೀನನ್ನು ತಂದೊಡನೆ, ಹೆಜ್ಜಾರ್ಲೆಯ ಮರಿಯು ತಾಯಿಯ ಗಂಟಲಚೀಲದೊಳಕ್ಕೆ ತಲೆಯನ್ನೇ ತೂರಿಸಿ ಉಣ್ಣುವುದು. ಬಣ್ಣದ ಕೊಕ್ಕರೆಯನ್ನು ಅದರ ಹಳದಿ ಕೊಕ್ಕಿನಿಂದಲೂ, ಬಾಲದ ಬಳಿಯ ಗುಲಾಬಿ ಗರಿಗಳಿಂದಲೂ ಗುರುತಿಸಬಹುದು. ನೋಡುವವರು ಮರದಿಂದ ದೂರದಲ್ಲಿ ನಿಲ್ಲತಕ್ಕದ್ದು. ಕೂಗಾಟವೂ ಕಲ್ಲೆಸೆತವೂ ಕೂಡದು. ತಾಯಿಹಕ್ಕಿಯು ಬೆದರಿ ಗೂಡನ್ನು ಬಿಟ್ಟರೆ ಮೊಟ್ಟೆಗಳು ಬಿಸಿಲಿನಿಂದ ಕೆಡುವುವು, ಇಲ್ಲವೆ ಕಾಗೆಗಳ ಪಾಲಾಗುವುವು.

ಆದರೆ ಈ ಪಕ್ಷಿಗಳ ಉಳಿವು ನೋಡುವವರಿಗಿಂತ ಹೆಚ್ಚಾಗಿ ಮರದ ಒಡೆಯರ ಕೈಯಲ್ಲಿರುವುದು. ಹುಣಸೆಹಣ್ಣನ್ನು ಬಡಿದಿಳಿಸುವ ಕಾಲವೂ, ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಬಡಿದರೆ ಮರಿಗಳಿಗೆ ಅಪಾಯ. ಬಡಿಯದಿದ್ದರೆ ಒಡೆಯನಿಗೆ ಆ ವರುಷದ ಹಣ್ಣು ನಷ್ಟ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಗೂಡುನೆಲೆಯನ್ನು ಹೊರಲೋಕದ ಗಮನಕ್ಕೆ ತಂದರು. ಆ ತರುವಾಯ, ಹಣ್ಣನ್ನು ಬಿಟ್ಟುಕೊಟ್ಟ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರದ ಹಣವನ್ನು ಕೊಡುವ ಏರ್ಪಾಟಾಯಿತು. 2007ರಲ್ಲಿ ಗ್ರಾಮವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕಾರ್ಯವನ್ನು ಊರಿನವರೇ ಕೈಕೊಂಡಿರುವರು.

ಹಕ್ಕಿಗಳಿಂದ ಬೇಸಾಯಕ್ಕೂ ಲಾಭವುಂಟು. ಇಲ್ಲಿಯ ರೈತರು ಗೂಡುಮರಗಳ ಕೆಳಗೆ ಗುಂಡಿ ತೆಗೆದು ಕೆರೆಯ ಗೋಡನ್ನು ತುಂಬುವ ರೂಢಿಯುಂಟು. ಮೇಲಿನಿಂದ ಬೀಳುವ ಹಿಕ್ಕೆಯು ಅದರೊಡನೆ ಬೆರೆತು, ಸಾರಜನಕವೂ ರಂಜಕವೂ ತುಂಬಿದ ಗೊಬ್ಬರವಾಗುವುದು. ಹಸಿಯ ಹಿಕ್ಕೆಯನ್ನು ಹಾಗೆಯೇ ಪೈರಿಗೆ ಹಾಕಿದರೆ ಎಲೆಯೂ ಬೇರೂ ಸುಡಬಹುದಾದ ಕಾರಣ, ಗೋಡಿನೊಡನೆ ಬೆರೆಸಿ ಕಳಿಯಿಸಿ ಹಾಕುವುದು ಲೇಸು.

ಪಕ್ಷಿಗಳು ಬರುವ ಗ್ರಾಮಗಳ ಮುಖಂಡರು ಎರಡು ವಿಷಯಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಮೊದಲನೆಯದು ಕೆರೆ: ಅದರಲ್ಲಿ ನೀರೂ ಮೀನೂ ಇಲ್ಲದಿದ್ದರೆ, ಮರಗಳಿದ್ದರೂ ಹಕ್ಕಿಗಳು ನಿಲ್ಲಲಾರವು. ಎರಡನೆಯದು ಮರ: ಹಳೆಯ ಹುಣಸೆಯನ್ನು ಕಡಿಯುವುದಕ್ಕೆ ಒಂದು ದಿನ ಸಾಕು, ಇಂದು ನೆಟ್ಟ ಸಸಿಯು ಗೂಡುಗಳನ್ನು ಹೊರುವಷ್ಟು ಬೆಳೆಯುವುದಕ್ಕೆ ಒಂದು ತಲೆಮಾರು ಬೇಕು. ಆದುದರಿಂದ ಗೂಡಿರುವ ಮರಕ್ಕೆ ಕೊಡಲಿ ಹಾಕುವ ಮುನ್ನ ಒಡೆಯನು ಊರಿನವರೊಡನೆ ಕುಳಿತು ಆಲೋಚಿಸುವುದೂ, ಮುದಿಮರಗಳ ಪಕ್ಕದಲ್ಲಿ ಹೊಸ ಸಸಿಗಳನ್ನು ಈಗಲೇ ನೆಡಿಸುವುದೂ ಯುಕ್ತ.