ಕಂಡದ್ದೆಷ್ಟು, ಕಾಣದ್ದೆಷ್ಟು?

ಹೊಳಲ್ಕೆರೆ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಾವು ಪೂಜೆ, ಪ್ರಸಾದಗಳನ್ನು ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಒಳಮನೆಯಲ್ಲಿ ಗದ್ದಲವೆದ್ದಿತು. ಎಂಬತ್ತರ ಸಮೀಪದಲ್ಲಿದ್ದ ಆ ಮನೆಯ ಹಿರಿಯ ತಾಯಿಯವರು ಕೆಮ್ಮಿನ ಔಷಧವೆಂದು ಮಂಡಿನೋವಿಗೆ ಹಚ್ಚುವ ಎಣ್ಣೆಯನ್ನು ಒಂದು ಚಮಚ ಕುಡಿದುಬಿಟ್ಟಿದ್ದರು. ಕೂಡಲೆ ಆಸ್ಪತ್ರೆಗೆ ಒಯ್ದರು. ಶಿವನ ದಯೆ, ಸಂಜೆಗೆ ಮರಳಿ ಬಂದರು. ಬಂದ ಮೇಲೆ ಮಗನ ಭಯವೆಲ್ಲ ಸಿಟ್ಟಾಗಿ ಹೊರಬಿದ್ದಿತು. “ಅವ್ವಾ, ಕಣ್ಣು ಕಾಣಲಿಲ್ವಾ ನಿಂಗೆ? ಎಷ್ಟು ಸಲ ಹೇಳೋದು?” ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದರು. ನಾವು ಎರಡೂ ಸೀಸೆಗಳನ್ನು ತರಿಸಿ ನೋಡಿದೆವು. ಒಂದೇ ಎತ್ತರ, ಒಂದೇ ಕಂದು ಬಣ್ಣ, ಒಂದೇ ಬಿಳಿಯ ಮುಚ್ಚಳ. ಹೆಸರು ಮಾತ್ರ ಇರುವೆಸಾಲಿನಂತಹ ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡಕ ಧರಿಸಿದ ನಮಗೂ ಕಿಟಕಿಯ ಬೆಳಕಿಗೆ ಹಿಡಿಯದೆ ಯಾವುದು ಯಾವುದೆಂದು ತಿಳಿಯಲಿಲ್ಲ. ಹಾಗಾದರೆ ತಪ್ಪು ಯಾರದು?

ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಬೇಸಿಗೆಯ ರಜೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಗೆ ಮಕ್ಕಳಿಗೆ ವಚನ ಹೇಳಿಕೊಡಲು ಹೋಗುವುದು ನಮ್ಮ ಹಳೆಯ ರೂಢಿ. ಅಂದಿನಿಂದ ಪಾಠ ಮುಗಿದ ಮೇಲೆ ಒಂದು ಗಳಿಗೆ ಕೆಲವು ಆಟಗಳನ್ನೂ ಆಡಿಸುತ್ತ ಬಂದಿದ್ದೇವೆ. ಮಠದಲ್ಲಿ ಓದಿದವರು ಹುಡುಗಾಟಕ್ಕೆ ಇಳಿದರೆಂದು ನಕ್ಕವರೂ ಉಂಟು. ನಗಲಿ. ಇಂದ್ರಿಯಗಳನ್ನು ನಂಬಬೇಡವೆಂದು ನೂರು ಸಲ ಉಪದೇಶಿಸಿದರೂ ತಲೆಗೆ ಹತ್ತದ್ದು ಒಂದು ಆಟದಲ್ಲಿ ಹತ್ತುತ್ತದೆ.

ಓದುಗ ಬಂಧುಗಳು ಈಗಲೇ ಒಂದನ್ನು ಆಡಿ ನೋಡಬಹುದು. ಬಿಳಿಯ ಹಾಳೆಯ ಮೇಲೆ ಎಡಕ್ಕೊಂದು ಸಣ್ಣ ಕೂಡುಚಿಹ್ನೆ, ಅದರಿಂದ ೮ ಸೆಂಟಿಮೀಟರ್ ಬಲಕ್ಕೆ ಕಡಲೆಕಾಳಿನಷ್ಟು ಕಪ್ಪು ಚುಕ್ಕೆ ಬರೆಯಿರಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಕೂಡುಚಿಹ್ನೆಯನ್ನೇ ನೋಡುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರಕ್ಕೆ ತನ್ನಿ. ಸುಮಾರು ೩೦ ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಕಣ್ಣಿನ ಹಿಂಭಾಗದಲ್ಲಿ ನರವು ಹೊರಡುವ ಜಾಗಕ್ಕೆ ನೋಟವಿಲ್ಲ. ಮಾರಿಯೊಟ್ ಎಂಬ ಫ್ರೆಂಚ್ ವಿದ್ವಾಂಸರು ಇದನ್ನು ೧೭ನೆಯ ಶತಮಾನದಲ್ಲಿಯೇ ತೋರಿಸಿದರು. ವಿಸ್ಮಯವಿರುವುದು ಚುಕ್ಕೆ ಅಳಿಯುವುದರಲ್ಲಲ್ಲ. ಅಳಿದ ಜಾಗ ನಮಗೆ ತೂತಾಗಿ ಕಾಣುವುದಿಲ್ಲ, ಸುತ್ತಲಿನ ಬಿಳಿಯನ್ನೇ ಮನಸ್ಸು ಅಲ್ಲಿಗೆ ಬಳಿದುಬಿಡುತ್ತದೆ. ಹುಟ್ಟಿದಂದಿನಿಂದ ಕಣ್ಣಲ್ಲಿ ಕುರುಡು ಜಾಗವಿದ್ದರೂ ನಮಗೆ ಅದರ ಅರಿವೇ ಇಲ್ಲ!

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡುವಾಗ ಸುತ್ತಲಿನದು ಮಸುಕಾಗುವುದು ಏಕೆಂದು ಒಬ್ಬ ಹುಡುಗ ಕೇಳಿದನು. ಒಂದೇ ಬಿಂದುವಿನಲ್ಲಿ ನೋಟ ನಿಂತರೆ ಅಂಚಿನಲ್ಲಿರುವುದು ಕರಗಿಹೋಗುವುದನ್ನು ಟ್ರಾಕ್ಸ್‌ಲರ್ ಎಂಬ ಸ್ವಿಸ್ ವೈದ್ಯರು ೧೮೦೪ರಲ್ಲಿ ವಿವರಿಸಿದ್ದಾರೆ. ಪೂಜೆಯೆಂದರೆ ಇಷ್ಟೇ ಎಂದು ಯಾರೂ ತಿಳಿಯಬಾರದು. ಆದರೆ ಲಿಂಗದ ಕಪ್ಪು ಕಂಥೆ, ಅದರ ಮೇಲಣ ಬೆಳಕಿನ ಬಿಂದು, ಅಂಗೈಯ ಅಳತೆಯ ದೂರ ಇವೆಲ್ಲ ನೋಟದ ಸ್ವಭಾವಕ್ಕೆ ಒಪ್ಪುವಂತೆಯೇ ಇವೆ ಎಂಬುದನ್ನು ನಾವು ಆ ಹುಡುಗನಿಂದ ಮುಚ್ಚಿಡಲಿಲ್ಲ.

ಹಿರಿಯೂರು ಕಡೆಯ ಒಂದು ಊರಿನ ಆಟವನ್ನು ಮರೆಯಲಾರೆವು. ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ, ‘ನೀಲಿ’ ಎಂಬುದನ್ನು ಹಳದಿಯಲ್ಲಿ, ಹೀಗೆ ಇಪ್ಪತ್ತು ಪದಗಳನ್ನು ರಟ್ಟಿನ ಮೇಲೆ ಬರೆದಿದ್ದೆವು. ಪದವನ್ನು ಓದಬಾರದು, ಬಣ್ಣವನ್ನು ಹೇಳಬೇಕು. ಬೇಗ ಮುಗಿಸಿದವರಿಗೆ ಗೆಲವು. ಸ್ಟ್ರೂಪ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೩೫ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಏಳನೆಯ ತರಗತಿಯಲ್ಲಿ ಮೊದಲಿಗಳಾದ ಹುಡುಗಿ ನಾಲ್ಕನೆಯ ಪದಕ್ಕೇ ತೊದಲಿದಳು. ಅವಳಣ್ಣನೂ ಎಡವಿದನು. ಕೊನೆಗೆ ಬಂದವನು, ಎರಡು ವರ್ಷ ಒಂದೇ ತರಗತಿಯಲ್ಲಿ ಕುಳಿತ, ಅಕ್ಷರ ಸರಿಯಾಗಿ ಕೂಡಿಸಲಾರದ ಹುಡುಗ. ಅವನು ಒಂದು ತಪ್ಪೂ ಇಲ್ಲದೆ ಸರಸರನೆ ಹೇಳಿ ಮುಗಿಸಿದನು. ಓದು ಅಭ್ಯಾಸವಾದವರಿಗೆ ಓದದೆ ಇರಲು ಸಾಧ್ಯವಾಗುವುದಿಲ್ಲ; ಅವನಿಗೆ ಆ ತೊಡಕಿರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಮಾತ್ರ ನಮ್ಮ ಬಳಿಗೆ ಬಂದು, “ಅಯ್ನೋರೇ, ನಾನು ಓದೋದು ಕಲಿತರೆ ಸೋತುಬಿಡ್ತೀನಾ?” ಎಂದು ಮೆಲ್ಲನೆ ಕೇಳಿದನು. ಆ ಪ್ರಶ್ನೆಗೆ ನಾವು ಸಿದ್ಧರಾಗಿರಲಿಲ್ಲ.

ಅವನನ್ನು ಕೂರಿಸಿಕೊಂಡು ಅಕ್ಷರಗಳನ್ನು ತೋರಿಸಿದಾಗ ತಿಳಿದದ್ದು ಬೇರೆಯೇ ಸಂಗತಿ. ದ, ಧ, ಥಗಳೂ ಪ, ಫ, ಷಗಳೂ ಅವನಿಗೆ ಒಂದೇ ಆಗಿ ಕಾಣುತ್ತಿದ್ದವು. ಒಂದು ಸೀಳು, ಒಂದು ಚುಕ್ಕೆಯಷ್ಟೇ ಅಂತರವಿರುವ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಒಮ್ಮೆಲೇ ಸುರಿದರೆ ಎಳೆಯ ಕಣ್ಣು ಏನು ಮಾಡೀತು? ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ೨೦೦೯ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯವರು ಇದನ್ನು ಅರಿತಿದ್ದರು. ಅಲ್ಲಿ ಮಗು ಅ, ಆ, ಇ ಎಂದು ತೊಡಗದೆ ರ, ಗ, ಸ, ದ, ಅ ಎಂಬ ಸುಲಭ ರೂಪದ ಅಕ್ಷರಗಳಿಂದ ತೊಡಗುತ್ತದೆ. ಚಿತ್ರದ ಗುರುತುಳ್ಳ ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯಲ್ಲಿ ತಾನೆಲ್ಲಿದ್ದೇನೆಂದು ತಾನೇ ಕಂಡುಕೊಳ್ಳುತ್ತದೆ. ಓಂಕಾರದಿಂದ ತೊಡಗಿ ಬಾಯಿಪಾಠದಲ್ಲಿ ಬೆಳೆದ ನಮಗೆ ಮೊದಲು ಇದು ರುಚಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಹೊಸದುರ್ಗದ ಕಡೆ ತಟ್ಟೆಯ ಆಟ ತಾಯಂದಿರಿಗೂ ಪ್ರಿಯವಾಯಿತು. ಇಪ್ಪತ್ತು ವಸ್ತುಗಳನ್ನು ಹೇಗೆಂದರೆ ಹಾಗೆ ಹರಡಿ, ಅರೆ ನಿಮಿಷ ತೋರಿಸಿ, ಬಟ್ಟೆ ಮುಚ್ಚಿದರೆ ಏಳೆಂಟಕ್ಕಿಂತ ಹೆಚ್ಚು ನೆನಪಾಗುವುದು ಅಪರೂಪ. ಅವನ್ನೇ ಪೂಜೆಯವು, ಅಡುಗೆಯವು, ಹೊಲದವು ಎಂದು ಗುಂಪು ಮಾಡಿಟ್ಟರೆ ಹದಿನಾಲ್ಕು ಹದಿನೈದು ನೆನಪಿಗೆ ಬರುತ್ತವೆ. ಒಮ್ಮೆಗೆ ಮನಸ್ಸು ಹಿಡಿಯಬಲ್ಲದ್ದು ಹೆಚ್ಚುಕಡಿಮೆ ಏಳು ಎಂದು ಜಾರ್ಜ್ ಮಿಲ್ಲರ್ ೧೯೫೬ರಲ್ಲಿ ಬರೆದರು. ಅನಂತರದವರು ನಾಲ್ಕೇ ಎನ್ನುತ್ತಾರೆ. ನಮ್ಮ ಒಗ್ಗರಣೆ ಡಬ್ಬಿ ಇದನ್ನು ಯಾರಿಂದಲೂ ಕಲಿಯಲಿಲ್ಲ. ಸಾವಿರಾರು ವಚನಗಳನ್ನು ಸ್ಥಲಗಳಿಗೆ ಹಂಚಿ ಕಟ್ಟಿದ ೧೫ನೆಯ ಶತಮಾನದ ಸಂಕಲನಕಾರರೂ ಓದುವವನ ಮನಸ್ಸಿನ ಅಳತೆಯನ್ನು ಬಲ್ಲವರೇ ಆಗಿರಬೇಕು.

ಆದರೆ ವಿನ್ಯಾಸವೆಂಬುದು ಎರಡು ಅಲಗಿನ ಕತ್ತಿ. ಅದನ್ನು ತೋರಿಸಲು ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ಯುತ್ತೇವೆ. ಆಟ ಸರಳ: ಒಂದೊಂದು ಬಾಗಿಲನ್ನು ದಾಟಿದೊಡನೆ ನಿಂತು, ಮುಂದಿನ ಬಾಗಿಲು ಎತ್ತ ಇರಬಹುದೆಂದು ಬೆರಳು ತೋರಿಸಬೇಕು. ಬಹುಮಟ್ಟಿಗೆ ಎಲ್ಲರೂ ಸೋಲುತ್ತಾರೆ. ಏಳು ಸುತ್ತಿನ ಆ ಕೋಟೆಯ ದಾರಿ ಬಾಗಿಲಿಂದ ಬಾಗಿಲಿಗೆ ಬಳುಕುತ್ತದೆ. ಹತ್ತಿರಕ್ಕೆ ಹೋಗುವವರೆಗೆ ಕಲ್ಲುಗೋಡೆಯಲ್ಲದೆ ಬೇರೇನೂ ಕಾಣದು. ಆನೆ ಓಡಿಬಂದು ಬಾಗಿಲಿಗೆ ಗುದ್ದಲು ನೇರವಾದ ದಾರಿಯೇ ಸಿಗದು. ೧೭೭೯ರಲ್ಲಿ ಕೋಟೆ ಹೈದರಾಲಿಯ ವಶವಾದರೂ, ಅದಕ್ಕೆ ಮುಂಚಿನ ಮುತ್ತಿಗೆಗಳನ್ನು ಅದು ತಡೆದದ್ದು ಕಲ್ಲಿನ ಬಲದಿಂದ ಮಾತ್ರವಲ್ಲ, ಹೊಸಬನ ಕಣ್ಣನ್ನು ಮೋಸಗೊಳಿಸುವ ಬಲದಿಂದಲೂ ಹೌದು. ಓಬವ್ವನ ಕಿಂಡಿಯ ಬಳಿ ಒಬ್ಬ ಹುಡುಗಿ, “ನಮ್ಮ ತಾಲ್ಲೂಕು ಆಸ್ಪತ್ರೇನೂ ಹಿಂಗೇ ಐತೆ, ಚೀಟಿ ಎಲ್ಲಿ ಕೊಡ್ತಾರೆ ಅಂತ ಗೊತ್ತೇ ಆಗಲ್ಲ” ಎಂದಳು. ಎಲ್ಲರೂ ನಕ್ಕರು. ನಮಗೆ ನಗು ಬರಲಿಲ್ಲ. ಕೋಟೆ ಶತ್ರುವಿಗಾಗಿ ಕಟ್ಟಿದ್ದು, ಆಸ್ಪತ್ರೆ ಯಾರಿಗಾಗಿ?

ಇಂದು ಮಕ್ಕಳ ಕೈಯಲ್ಲಿರುವ ಮೊಬೈಲಿನ ಆಟಗಳೂ ಈ ಜಾತಿಯ ಕೋಟೆಗಳೇ. ಬಣ್ಣ, ಸದ್ದು, ನಾಣ್ಯಗಳ ಸುರಿಮಳೆ ಒಳಹೋಗುವ ಬಾಗಿಲನ್ನು ವಿಶಾಲವಾಗಿಸಿವೆ. ಹೊರಬರುವ ಬಾಗಿಲು ಮೂಲೆಯಲ್ಲೊಂದು ಸಣ್ಣ ಗುರುತು. ಆಡಬೇಡವೆಂದು ಗದರುವ ಬದಲು ಹೊರಬಾಗಿಲು ಎಲ್ಲಿದೆ ತೋರಿಸು ಎಂದು ನಾವು ಕೇಳುತ್ತೇವೆ. ಹುಡುಕುವುದೇ ಅವರಿಗೆ ಹೊಸ ಆಟವಾಗುತ್ತದೆ.

ಕೀಟನಾಶಕದ ಡಬ್ಬಿಯ ಆಟವನ್ನು ಮಾತ್ರ ದೊಡ್ಡವರೊಡನೆ ಆಡುತ್ತೇವೆ, ಖಾಲಿ ರಟ್ಟಿನ ಚಿತ್ರಗಳನ್ನಿಟ್ಟು. ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ಪ್ರಮಾಣ. ಕೆಂಪು ಅತ್ಯಂತ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕ್ರಮವಾಗಿ ಜೋಡಿಸಿರೆಂದರೆ ಹಳದಿ ನೀಲಿಗಳು ಅದಲುಬದಲಾಗುತ್ತವೆ. ಹಸಿರೆಂದರೆ ವಿಷವೇ ಅಲ್ಲ, ಬೆಳೆಗೆ ಒಳ್ಳೆಯದು ಎಂದವರೂ ಇದ್ದಾರೆ. ದಾಳಿಂಬೆಗೆ ಸಿಂಪಡಿಸಿ ಕೈ ತೊಳೆಯದೆ ರೊಟ್ಟಿ ಮುರಿಯುವ ಮನೆಗಳಲ್ಲಿ ಇದು ಆಟವಾಗಿ ಉಳಿಯುವುದಿಲ್ಲ.

ಮೊದಲು ಹೇಳಿದ ತೋಟದ ಮನೆಗೆ ಮರುವರ್ಷ ಹೋದೆವು. ಮೊಮ್ಮಗಳು ಎಣ್ಣೆಯ ಸೀಸೆಯ ಕುತ್ತಿಗೆಗೆ ಸೆಣಬಿನ ದಾರವನ್ನು ದಪ್ಪನಾಗಿ ಸುತ್ತಿ, ಮುಚ್ಚಳಕ್ಕೆ ಕೆಂಪು ಬಟ್ಟೆ ಕಟ್ಟಿ, ಅದನ್ನು ಗೂಡಿನ ಬೇರೆ ಮೂಲೆಯಲ್ಲಿಟ್ಟಿದ್ದಳು. ನಡುಮನೆಯ ದೀಪ ಆರಿಸಿ, ಅಜ್ಜಿಯನ್ನು ಕರೆದು, ಕೆಮ್ಮಿನ ಔಷಧ ಕೊಡೆಂದು ಕೇಳಿದಳು. ಆ ತಾಯಿ ಕತ್ತಲಲ್ಲೇ ಕೈಯಾಡಿಸಿ ದಾರವಿಲ್ಲದ ಸೀಸೆಯನ್ನು ತೆಗೆದುಕೊಟ್ಟು ಮಗನ ಮುಖ ನೋಡಿದರು.