ಚಳಿಗಾಲದಲ್ಲಿ ಒಡೆಯುವ ಕೈಗಳು: ಮಾಲೀಕರ ಗಮನಕ್ಕೆ



ಡಿಸೆಂಬರ್ ಬಂತೆಂದರೆ ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲವೆಂದು ನಾವೆಲ್ಲ ಚಿಂತಿಸುತ್ತೇವೆ. ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿ ಮುಚ್ಚಿಡುತ್ತೇವೆ. ಆದರೆ ಆ ಹಿಟ್ಟು ಕಲಸುವ, ಪಾತ್ರೆ ತೊಳೆಯುವ ಕೈಗಳನ್ನು ನೋಡುವವರು ಕಡಿಮೆ.

ದೆಹಲಿಯಲ್ಲಿ ಜನವರಿಯ ರಾತ್ರಿ ಉಷ್ಣಾಂಶ ಕೆಲವೊಮ್ಮೆ 5 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಪುಣೆಯಲ್ಲೂ 10 ಡಿಗ್ರಿಗಿಂತ ಕಡಿಮೆಯಾಗುವುದುಂಟು. ಉಡುಪಿ, ಕುಂದಾಪುರದ ತೇವದ ಹವೆಯಲ್ಲಿ ಬೆಳೆದ ಕೆಲಸಗಾರರಿಗೆ ಇಲ್ಲಿನ ಒಣಗಾಳಿ ಹೊಸದು. ಮುಂಬೈ, ಚೆನ್ನೈಗಳಲ್ಲಿ ಅಂಥ ಚಳಿ ಇಲ್ಲದಿದ್ದರೂ ದಿನವಿಡೀ ಸೋಪಿನ ನೀರಿನಲ್ಲಿ ಕೈಯಿಟ್ಟವರ ಪಾಡು ಅದೇ. ಬಿಸಿನೀರು ಮತ್ತು ಸೋಪಿನ ಪುಡಿ ಚರ್ಮದ ಸಹಜ ಎಣ್ಣೆಯಂಶವನ್ನು ತೆಗೆದುಹಾಕುತ್ತವೆ. ಚರ್ಮ ಒಣಗಿ ಬಿರುಕು ಬಿಡುತ್ತದೆ.

ಇದು ಕೇವಲ ಉರಿ, ನೋವಿನ ವಿಷಯವಲ್ಲ. ಕೀವು ತುಂಬಿದ ಬಿರುಕಿನಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಾಣು ಇರಬಹುದು. ಅದು ಆಹಾರದಲ್ಲಿ ಬೆಳೆದು ಉಂಟುಮಾಡುವ ವಿಷ ಮತ್ತೆ ಕುದಿಸಿದರೂ ಸುಲಭವಾಗಿ ನಾಶವಾಗುವುದಿಲ್ಲ. ರುಬ್ಬಿದ ಮೇಲೆ ಕುದಿಸದೆ ಬಡಿಸುವ ಚಟ್ನಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಸೋಂಕು ತಗುಲಿದ ಗಾಯವಿರುವವರು ಆಹಾರ ಮುಟ್ಟಬಾರದೆಂದು, ಕೆಲಸಗಾರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಗಳಲ್ಲೇ ಇದೆ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ:

1. ಪಾತ್ರೆ ತೊಳೆಯುವವರಿಗೆ ಅಳತೆಗೆ ಸರಿಯಾದ ರಬ್ಬರ್ ಕೈಗವಸು ಕೊಡಿ. ಒಳಗೆ ನೀರು ಹೋದರೆ ತೆಗೆದು ಒಣಗಿಸಲಿ.

2. ಕೈ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಪಾತ್ರೆಯ ಪುಡಿಯಿಂದ ಕೈ ತೊಳೆಯುವುದು ಬೇಡ. ತೊಳೆದ ಮೇಲೆ ಉಜ್ಜದೆ ಒತ್ತಿ ಒರೆಸಬೇಕು.

3. ಕೆಲಸ ಮುಗಿದ ಮೇಲೆ ಚರ್ಮ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಪೆಟ್ರೋಲಿಯಂ ಜೆಲ್ಲಿ ಅಥವಾ ಕೊಬ್ಬರಿ ಎಣ್ಣೆ ಹಚ್ಚಲಿ. ಮಲಗುವಾಗ ದಪ್ಪಗೆ ಹಚ್ಚಿ ಹತ್ತಿಯ ಕೈಗವಸು ಹಾಕಿದರೆ ಇನ್ನೂ ಒಳ್ಳೆಯದು. ಹಿಮ್ಮಡಿಗೂ ಇದೇ ಆರೈಕೆ.

4. ಸಣ್ಣ ಬಿರುಕಿಗೆ ನೀರು ಹಿಡಿಯದ ಪಟ್ಟಿ ಹಾಕಿ, ಮೇಲೆ ಕೈಗವಸು ಧರಿಸಲಿ. ಕೀವು, ಊತ ಇದ್ದರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರು ಕಾಲಿನ ಬಿರುಕನ್ನು ಅಲಕ್ಷಿಸಲೇಬಾರದು.

ಕೊನೆಯದಾಗಿ ಒಂದು ಮಾತು. ಕೈ ಒಡೆದದ್ದು ಹೇಳಿದರೆ ಸಂಬಳ ಕಡಿತವಾದೀತೆಂಬ ಭಯವಿದ್ದರೆ ಯಾರೂ ಹೇಳುವುದಿಲ್ಲ. ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಾರೆ. ಅಂಥವರನ್ನು ಗಾಯ ವಾಸಿಯಾಗುವ ತನಕ ಆಹಾರ ಮುಟ್ಟದ, ನೀರಿನಲ್ಲಿ ಕೈಯಿಡದ ಕೆಲಸಕ್ಕೆ ಹಾಕಿ, ಸಂಬಳ ಪೂರ್ತಿ ಕೊಡಿ. ನಾಲ್ಕು ದಿನದ ಆ ಹೊಂದಾಣಿಕೆ, ವರ್ಷಗಟ್ಟಲೆ ಗಳಿಸಿದ ಹೋಟೆಲಿನ ಹೆಸರಿಗಿಂತ ದುಬಾರಿಯಲ್ಲ. ನಾಳೆ ಬೆಳಿಗ್ಗೆ ಗಲ್ಲಾದಲ್ಲಿ ಕೂರುವ ಮುನ್ನ ಅಡುಗೆಮನೆಗೆ ಹೋಗಿ ಒಮ್ಮೆ ಎಲ್ಲರ ಕೈ ನೋಡಿ ಬನ್ನಿ.